ಗದ್ದೆಯಲ್ಲಿ ಮೊಟ್ಟೆ ಇಳಿಸುವುದು: ನೀರಿನ ರಾಕೆಟ್, ಪ್ಯಾರಾಚೂಟ್, ಒಂದು ಪ್ಯಾಡ್

ಮೊದಲೇ ಹೇಳಿಬಿಡುತ್ತೇನೆ, ಪ್ಯಾಡ್, ಅಂದರೆ ರಾಕೆಟ್ಟಿನಲ್ಲಿ ಹಾರಿಸಿದ ಮೊಟ್ಟೆ ಒಡೆಯದೆ ಬಂದು ಇಳಿಯಬೇಕಾದ ಜಾಗ, ಅದನ್ನು ಮೊದಲು ಮಾಡಬೇಡಿ. ನಾವು ಮಾಡಿದ್ದು ಅದೇ ತಪ್ಪು. ಸೋಮವಾರಪೇಟೆ ಹತ್ತಿರದ ನಮ್ಮ ಗದ್ದೆಯ ನಟ್ಟನಡುವೆ ಸುಣ್ಣದಲ್ಲಿ ಚೆಂದದ ವೃತ್ತ ಬರೆದು ರಾಕೆಟ್ ಬಿಟ್ಟರೆ, ಮೊಟ್ಟೆ ಹೋಗಿ ಕೂತಿದ್ದು ಪಕ್ಕದ ತೋಟದ ಸಿಲ್ವರ್ ಓಕ್ ಮೇಲೆ!

ಜಾಗಕ್ಕೆ ಕಾಫಿ ಕಣ ಚೆನ್ನಾಗಿದೆ ಅಲ್ವಾ ಅನಿಸುತ್ತದೆ. ಆದರೆ ಫೆಬ್ರವರಿಯಲ್ಲಿ ಅಲ್ಲಿ ಕಾಫಿ ಹರಡಿರುತ್ತಾರೆ, ಚಿಕ್ಕಪ್ಪ ಕಾಲಿಡಲೂ ಬಿಡುವುದಿಲ್ಲ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು ಕೊಯ್ಲಾದ ಗದ್ದೆಯೇ ಸರಿ. ಮೇಲೆ ಕರೆಂಟ್ ತಂತಿ ಇರಬಾರದು.

ರಾಕೆಟ್‌ಗೆ 2 ಲೀಟರಿನ ಸೋಡಾ ಬಾಟಲ್ ತೆಗೆದುಕೊಳ್ಳಿ. ಕುಡಿಯುವ ನೀರಿನ ಬಾಟಲ್ ತೆಳ್ಳಗಿರುತ್ತದೆ, ಬೇಡ. ಬಾಯಿಗೆ ರಬ್ಬರ್ ಬಿರಡೆ, ಅದರ ನಡುವೆ ತೂತು ಮಾಡಿ ಹಳೆ ಸೈಕಲ್ ಟ್ಯೂಬಿನ ವಾಲ್ವ್. ಮೂರು ಗಟ್ಟಿ ರೆಕ್ಕೆ ಅಂಟಿಸಿ, ಅದೇ ಕಾಲು. ಮೂರರಲ್ಲಿ ಒಂದು ಭಾಗ ನೀರು ಹಾಕಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಮೂರು ಮೀಟರ್ ಪೈಪ್ ಹಾಕಿ ದೂರದಿಂದ ಪಂಪ್ ಹೊಡೆಯಿರಿ. ಬಿರಡೆಯನ್ನು ಜಾಸ್ತಿ ಒತ್ತಬೇಡಿ, ಗಾಳಿಯ ಒತ್ತಡ 40 ಪಿಎಸ್‌ಐ (ಪಂಪಿನ ಮೀಟರ್ ತೋರಿಸುವ ಅಳತೆ) ದಾಟುವ ಮೊದಲೇ ಅದು ತಾನಾಗಿ ಕಳಚಿಕೊಳ್ಳಬೇಕು. ಮಕ್ಕಳು ಇನ್ನೂ ಹಿಂದೆ ಇರಲಿ.

ಕೆಳಗೆ ಒಂದು ಕಲ್ಲುಚಪ್ಪಡಿ ಇಡಿ. ಇಲ್ಲದಿದ್ದರೆ ಎರಡನೇ ಸಲಕ್ಕೆ ಅಲ್ಲಿ ಕೆಸರಿನ ಗುಂಡಿ. ನಗಬೇಡಿ, 2023ರ ಏಪ್ರಿಲ್‌ನಲ್ಲಿ ಸ್ಪೇಸ್‌ಎಕ್ಸ್ ಕಂಪನಿಯ ದೈತ್ಯ ರಾಕೆಟ್ ಸ್ಟಾರ್‌ಶಿಪ್ ಹಾರಿದಾಗ ಕೆಳಗಿನ ಕಾಂಕ್ರೀಟೇ ಕಿತ್ತು ಹಾರಿತ್ತು, ಆಮೇಲೆ ನೀರು ಚಿಮ್ಮುವ ಉಕ್ಕಿನ ಹಲಗೆ ಹಾಕಿದರು.

ಈಗ ಕ್ಯಾಪ್ಸೂಲ್. ಇನ್ನೊಂದು ಬಾಟಲಿಯ ಮೇಲರ್ಧ ಕತ್ತರಿಸಿ, ಒಳಗೆ ಹತ್ತಿ ಸುತ್ತಿದ ಮೊಟ್ಟೆ ಇಟ್ಟು ಟೇಪ್ ಹಾಕಿ. ಕಸದ ಕವರಿನಿಂದ 60 ಸೆಂಟಿಮೀಟರ್ ಅಗಲದ ವೃತ್ತ ಕತ್ತರಿಸಿ, ಸುತ್ತ ಎಂಟು ದಾರ ಕಟ್ಟಿ, ಅವುಗಳ ಇನ್ನೊಂದು ತುದಿ ಕ್ಯಾಪ್ಸೂಲಿಗೆ ಕಟ್ಟಿ, ಅದೇ ಪ್ಯಾರಾಚೂಟ್. ಅದನ್ನು ಮಡಚಿ ಕ್ಯಾಪ್ಸೂಲಿಗೂ ರಾಕೆಟ್ಟಿಗೂ ನಡುವೆ ಇಡಿ. ಕ್ಯಾಪ್ಸೂಲನ್ನು ಟೊಪ್ಪಿ ಇಟ್ಟ ಹಾಗೆ ಸುಮ್ನೆ ಕೂರಿಸಿ, ಬಿಗಿಯಾದರೆ ಕೆಟ್ಟಿತು. ಮೇಲೆ ಹೋಗಿ ರಾಕೆಟ್ ವಾಲಿದಾಗ ಅದು ಕಳಚಿ, ಕವರ್ ಪಟ್ಟಂತ ಬಿಚ್ಚಿಕೊಳ್ಳುತ್ತದೆ.

ಇನ್ನು ಪ್ಯಾಡ್ ಎಲ್ಲಿ ಅನ್ನುವ ಲೆಕ್ಕ. ಇಷ್ಟು ದೊಡ್ಡ ಪ್ಯಾರಾಚೂಟಿನಲ್ಲಿ 120 ಗ್ರಾಂ ಕ್ಯಾಪ್ಸೂಲ್ ಸೆಕೆಂಡಿಗೆ ಹೆಚ್ಚುಕಡಿಮೆ 3 ಮೀಟರ್ ಇಳಿಯುತ್ತದೆ. 20 ಮೀಟರ್ ಮೇಲಿಂದ ಬರಲು ಸುಮಾರು 7 ಸೆಕೆಂಡ್. ಗಾಳಿ ಸೆಕೆಂಡಿಗೆ 2 ಮೀಟರ್ ಇದ್ದರೂ ಸಾಕು, 14 ಮೀಟರ್ ಆಚೆಗೆ ತಳ್ಳಿಬಿಡುತ್ತದೆ. ನಮ್ಮ ಗದ್ದೆಗಳು ಎರಡು ತೋಟಗಳ ನಡುವಿನ ತಗ್ಗಿನಲ್ಲಿರುವುದರಿಂದ ಗಾಳಿ ಉದ್ದಕ್ಕೆ ಬೀಸುತ್ತದೆ, ಬೆಳಿಗ್ಗೆ ಎಂಟಕ್ಕೆ ಮಂಜು ಸರಿಯುವಾಗ ಇದ್ದಂತೆ ಮಧ್ಯಾಹ್ನ ಇರುವುದಿಲ್ಲ. ಅದಕ್ಕೇ ಮೊದಲು ಮೊಟ್ಟೆ ಬದಲು ಅಷ್ಟೇ ತೂಕದ ಮರಳಿನ ಪೊಟ್ಟಣ ಇಟ್ಟು ಮೂರು ಸಲ ಹಾರಿಸಿ, ಬಿದ್ದಲ್ಲೆಲ್ಲ ಕೋಲು ನೆಡಿ. ಆ ಕೋಲುಗಳ ನಡುವೆ ಪ್ಯಾಡ್.

ಇಂಜಿನ್ ಇದ್ದವರಿಗೆ ಈ ತಾಪತ್ರಯ ಕಡಿಮೆ. 2015ರ ಡಿಸೆಂಬರ್‌ನಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟಿನ ಕೆಳಭಾಗ ತಾನೇ ದಾರಿ ತಿದ್ದಿಕೊಂಡು ಬಂದು ನೆಲದ ಪ್ಯಾಡ್ ಮೇಲೆ ನಿಂತಿತು. ಪ್ಯಾರಾಚೂಟಿಗೆ ಮಾತ್ರ ದೊಡ್ಡ ಬಯಲು ಬೇಕು, ಇಲ್ಲ ಸಮುದ್ರ. ಬಾಹ್ಯಾಕಾಶದಿಂದ ವಾಪಸ್ ತರಿಸಿದ ಇಸ್ರೋದ ಎಸ್‌ಆರ್‌ಇ-1 ಕ್ಯಾಪ್ಸೂಲ್ 2007ರ ಜನವರಿ 22ರಂದು ಬಂಗಾಳ ಕೊಲ್ಲಿಗೇ ಇಳಿದದ್ದು. ನಮಗೆ ಸಮುದ್ರ ಎಲ್ಲಿ?

ಪ್ಯಾಡ್ ಅಂದರೆ ಟಾರ್ಪಾಲಿನ ಕೆಳಗೆ ಕಾಫಿ ಹೊಟ್ಟಿನ ಮೂಟೆಗಳು, ಒತ್ತೊತ್ತಾಗಿ, ಅರ್ಧ ತುಂಬಿದ್ದು. ಪೂರ್ತಿ ಬಿಗಿದು ತುಂಬಿದರೆ ಕಲ್ಲಿನಂತಾಗುತ್ತದೆ.

ಮರಕ್ಕೆ ಸಿಕ್ಕಿದರೆ ದಾರ ಎಳೆಯಬೇಡಿ. ನಾವು ಎಳೆದೆವು, ಮೆಣಸಿನ ಬಳ್ಳಿ ಎರಡು ಮಾರು ಕಿತ್ತು ಬಂತು, ಚಿಕ್ಕಪ್ಪ ಎರಡು ದಿನ ಮಾತಾಡಲಿಲ್ಲ. ಮೆಣಸು ಕೊಯ್ಯುವವರು ಏಣಿ ತಂದಾಗ ಅವರನ್ನೇ ಕೇಳಿ. ಸಂಜೆಯಾಗಿದ್ದರೆ, ಆನೆ ಓಡಾಡುವ ಕಡೆಯಾಗಿದ್ದರೆ, ಮೊಟ್ಟೆ ಅಲ್ಲೇ ಇರಲಿ. ಕವರಿನ ಚೂರು, ದಾರ, ಟೇಪ್ ಎಲ್ಲ ಹೆಕ್ಕಿದ ಮೇಲೆಯೇ ಗದ್ದೆಗೆ ದನ ಬಿಡಿ.