ಕಾಫಿ ಕಣದಲ್ಲಿ ಪಹಣಿ ಓದಿಸಿದ ಅನುಭವ

ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಹಿಡುವಳಿದಾರರಿಗೆ ಭೂಮಿಯ ಹಕ್ಕಿನ ತಿಳಿವಳಿಕೆ ಕೊಡುವ ಕೆಲಸಕ್ಕೆ ನಾನು ಇಳಿದದ್ದು 2018ರ ಆಗಸ್ಟ್‌ನ ಭೂಕುಸಿತದ ನಂತರ. ತೋಟ ಕಳೆದುಕೊಂಡವರು ಪರಿಹಾರದ ಅರ್ಜಿಗೆಂದು ಪಹಣಿ (ಜಮೀನಿನ ಹಕ್ಕುದಾಖಲೆ) ತೆಗೆಸಿದಾಗ, ಅದರಲ್ಲಿ ಎಂದೋ ತೀರಿಹೋದ ಅಜ್ಜನ ಹೆಸರೇ ಉಳಿದಿರುವುದನ್ನು ಕಂಡು ದಿಕ್ಕು ತೋಚದೆ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಆರಂಭದ ಸಭೆಗಳಲ್ಲಿ 1964ರ ಭೂಕಂದಾಯ ಕಾಯ್ದೆಯ ಕಲಂಗಳನ್ನು ವಿವರಿಸಿದೆ. ಜನ ಗೌರವದಿಂದ ಕೇಳಿ ಎದ್ದು ಹೋದರು, ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಮೇಲೆ ಕ್ರಮ ಬದಲಾಯಿಸಿ, ಕಾಫಿ ಕೊಯ್ಲು ಮುಗಿದ ಮೇಲೆ ಯಾರದಾದರೂ ಕಣದಲ್ಲಿ ಸೇರುವುದು, ಪ್ರತಿಯೊಬ್ಬರೂ ತಮ್ಮದೇ ಪಹಣಿ ತರುವುದು ಎಂದು ಗೊತ್ತುಮಾಡಿದೆ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಜಮೀನು ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, ಹೀಗೆ ಬೆರಳಿಟ್ಟು ಓದಿಸುತ್ತಿದ್ದೆ. ಪಹಣಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ದಾಖಲೆ ತಪ್ಪೆಂದು ರುಜುವಾತಾಗುವವರೆಗೆ ಮಾತ್ರ ಅದನ್ನು ಸರಿಯೆಂದು ಭಾವಿಸಬೇಕೆಂದು 133ನೇ ಕಲಂ ಹೇಳುತ್ತದೆ ಎಂಬ ಮಾತು ಆಗ ತಾನಾಗಿ ಅರ್ಥವಾಗತೊಡಗಿತು. ಒಕ್ಕದ (ಕೊಡವ ಮನೆತನದ) ಮುಖ್ಯಸ್ಥರಾದ ಪಟ್ಟೇದಾರರ ಹೆಸರಿನಲ್ಲಿರುವ ಜಮ್ಮಾ ಬಾಣೆಯ, ಅಂದರೆ ಕೊಡಗಿನ ವಂಶಪಾರಂಪರ್ಯ ಹಿಡುವಳಿಯ ಜಮೀನಿನ, ವಿಚಾರ ಬೇರೆಯೇ ಆದ್ದರಿಂದ ಅದಕ್ಕೆ ಪ್ರತ್ಯೇಕ ದಿನ ಇಟ್ಟುಕೊಂಡೆ.

ಒಮ್ಮೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬರು ಸೆರಗಿನೊಳಗಿಂದ ಮಡಿಸಿದ ಕಾಗದ ತೆಗೆದು, “ಖಾತೆ ಮಾಡಿಸಲಿಕ್ಕೆ ಅಂತ ಮೈದುನ ಸಹಿ ಕೇಳಿದ್ದಾನೆ ಸಾರ್, ಹಾಕಬಹುದಾ?” ಎಂದು ಕೇಳಿದರು. ಜಮೀನು ಮಾವನ ಹೆಸರಿನಲ್ಲಿತ್ತು. ಆದರೆ ಕಾಗದದ ಮೂರನೆಯ ಸಾಲಿನಲ್ಲಿ “ನನ್ನ ಹಕ್ಕನ್ನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ” ಎಂದಿತ್ತು. ಅದು ಹಕ್ಕು ಬಿಡುಗಡೆ ಪತ್ರದ ಕರಡು. “ಅಕ್ಕಾ, ಪೌತಿ ಖಾತೆಗೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ನಿಮ್ಮ ಪಾಲು ಬಿಟ್ಟುಕೊಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ,” ಎಂದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುವುದರಿಂದ, ಅವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ದೆ. ಮೈದುನನನ್ನೂ ಕೂರಿಸಿ ಮಾತಾಡಿಸಿದೆವು. ಆತನಿಗೂ ಆ ಕರಡಿನ ಅರ್ಥ ಪೂರ್ತಿ ತಿಳಿದಿರಲಿಲ್ಲ ಎಂದೇ ನನ್ನ ನಂಬಿಕೆ.

ಈಗ ಅವರ ಪಹಣಿಯ 9ನೇ ಕಾಲಂನಲ್ಲಿ ಇಬ್ಬರ ಹೆಸರೂ ಜಂಟಿಯಾಗಿದೆ. ವಿಭಾಗ ಪತ್ರ, 11ಇ ನಕ್ಷೆ (ಪಾಲಾಗುವ ಜಮೀನಿನ ಅಳತೆಯ ನಕ್ಷೆ) ಮತ್ತು ಪೋಡಿ (ಸರ್ವೆ ನಂಬರಿನ ವಿಂಗಡಣೆ) ಇನ್ನೂ ಆಗಬೇಕಿದೆ.