ಸಾರ್ಬಿಟ್ರೇಟ್, ಬೆರಳಿನ ಕ್ಲಿಪ್ಪು ಮತ್ತು ಮಂಗಳೂರಿನ ಸೆಖೆ: ನನ್ನ ಅನುಭವ

ನಾಲಿಗೆಯಡಿ ಸಾರ್ಬಿಟ್ರೇಟ್ (ಎದೆನೋವಿಗೆ ಕೊಡುವ ನೈಟ್ರೇಟ್ ಜಾತಿಯ ಮಾತ್ರೆ) ಇಟ್ಟ ಮೇಲೆ ರಕ್ತನಾಳ ಸಡಿಲಾಗುವುದನ್ನು ಬೆರಳಿಗೊಂದು ಬೆಳಕಿನಿಂದ ನಾಡಿ ಹಿಡಿಯುವ ಕ್ಲಿಪ್ ಹಾಕಿ ತೋರಿಸುತ್ತೇನೆ ಅಂದಾಗ ನಮ್ಮ ಫಾರ್ಮಕಾಲಜಿ (ಔಷಧಶಾಸ್ತ್ರ) ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. "ಎಂತ ಮಾರಾಯ, ಬಿ.ಪಿ.ಯೇ ಸರಿಯಾಗಿ ಇಳಿಯುವುದಿಲ್ಲ, ಮತ್ತೆ ನೀನು ಅಳೆಯುವುದು ಎಂತದ್ದು?" ಅಂದರು ಹಿರಿಯ ಸರ್. ಅರ್ಧ ಸರಿಯೇ. ಸಣ್ಣ ಡೋಸಿಗೆ ತೋಳಿನ ಬಿ.ಪಿ. ಅಷ್ಟಾಗಿ ಕದಲುವುದಿಲ್ಲ. ಆದರೆ ನಾಡಿಯ ಅಲೆಯ ಆಕಾರ ಬದಲಾಗುತ್ತದೆ. ದೇಹದ ಕೆಳಭಾಗದಿಂದ ಪ್ರತಿಫಲಿಸಿ ಬರುವ ಎರಡನೇ ಉಬ್ಬು ತಗ್ಗುತ್ತದೆ. ಅದರ ಎತ್ತರ ಮೊದಲ ಉಬ್ಬಿನ ಶೇಕಡಾ ಎಷ್ಟಿದೆ ಅಂತ ಲೆಕ್ಕ ಹಾಕಿದರೆ ರಿಫ್ಲೆಕ್ಷನ್ ಇಂಡೆಕ್ಸ್ ಬಂತು.

ಇದಕ್ಕೆ ಮೊದಲು ಇಂಪಿಡೆನ್ಸ್ ಕಾರ್ಡಿಯೋಗ್ರಫಿಯ (ಎದೆಯ ವಿದ್ಯುತ್ ತಡೆಯಿಂದ ಹೃದಯದ ಕೆಲಸ ಅಳೆಯುವ ವಿಧಾನ) ಹಿಂದೆ ಬಿದ್ದಿದ್ದೆ. 1966ರಲ್ಲಿ ಕುಬಿಚೆಕ್ ತಂಡ ನಾಸಾಗಾಗಿ ಬೆಳೆಸಿದ ವಿಧಾನ, ಸ್ಟ್ರೋಕ್ ವಾಲ್ಯೂಮ್ (ಒಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ) ಕೂಡ ಸಿಗುತ್ತದೆ ಅನ್ನುವ ಆಸೆ. ಏಪ್ರಿಲ್ ಸೆಖೆಯಲ್ಲಿ ಕುತ್ತಿಗೆಯ ಎಲೆಕ್ಟ್ರೋಡ್ ಬೆವರಿಗೆ ಜಾರಿ ಜಾರಿ ಬೇಸ್‌ಲೈನ್ ನಿಲ್ಲಲೇ ಇಲ್ಲ. ಎಸಿ ಜೋರು ಮಾಡಿದರೆ ಬೆವರು ನಿಂತಿತು, ಆದರೆ ಪ್ರಯೋಗಕ್ಕೆ ಬಂದ ಹುಡುಗರು ನಡುಗತೊಡಗಿದರು, ಅದೂ ಟ್ರೇಸ್‌ನಲ್ಲೇ (ದಾಖಲಾಗುವ ಅಲೆಯ ಗೆರೆಯಲ್ಲೇ) ಬಂತು. ಎಲೆಕ್ಟ್ರೋಡ್, ಜೆಲ್ ಅಂತ ಎಂಟೋ ಹತ್ತೋ ಸಾವಿರ ಹೋಯಿತು. ನನ್ನ ಜೇಬಿನಿಂದಲೇ.

ಆಮೇಲೆ ವಾರ್ಡಿನ ಪಲ್ಸ್ ಆಕ್ಸಿಮೀಟರ್ ತಂದೆ. ಅದರ ಪರದೆಯ ಅಲೆ ನೋಡಲು ಚಂದ, ಅಷ್ಟೇ. ಅಲೆ ಚಿಕ್ಕದಾದರೆ ಯಂತ್ರವೇ ಹಿಗ್ಗಿಸಿ ತೋರಿಸುತ್ತದೆ. ಫಿಲ್ಟರ್ ಬೇರೆ ಆಕಾರ ಕೆಡಿಸುತ್ತದೆ. ರೆಡಿಮೇಡ್ ಯಂತ್ರಕ್ಕೆ ಕೊಟೇಶನ್ ತರಿಸಿದೆ, ಲಕ್ಷಗಟ್ಟಲೆ. ಹಾಗಾಗಿ ಹಳೆಯ ಪ್ರೋಬಿನ ಇನ್‌ಫ್ರಾರೆಡ್ ಎಲ್‌ಇಡಿ, ಫೋಟೋಡಯೋಡ್ ಉಳಿಸಿಕೊಂಡು ಆಂಪ್ಲಿಫೈಯರ್ ನಾನೇ ಕಟ್ಟಿದೆ. ನಿಧಾನದ ಏರಿಳಿತ ತೆಗೆಯುವ ಹೈ-ಪಾಸ್ ಫಿಲ್ಟರ್ 0.5 ಹರ್ಟ್ಸ್‌ಗೆ ಇಟ್ಟಾಗ ಎರಡನೇ ಉಬ್ಬು ಓರೆಯಾಗಿ ಕುಸಿಯುತ್ತಿತ್ತು. ಅದರ ಹತ್ತನೇ ಒಂದು ಭಾಗಕ್ಕೆ ಇಳಿಸಿದ ಮೇಲೆ ಎದ್ದು ನಿಂತಿತು. ಫ್ಯಾನು, ಟ್ಯೂಬ್‌ಲೈಟುಗಳ 50 ಹರ್ಟ್ಸ್ ಗದ್ದಲಕ್ಕೆ ಮನೆಯ ಸ್ಟೀಲ್ ಡಬ್ಬಿಯೇ ಮದ್ದಾಯಿತು. ಸರ್ಕ್ಯೂಟ್ ಒಳಗಿಟ್ಟು ಡಬ್ಬಿಯನ್ನು ಗ್ರೌಂಡ್ ಮಾಡಿದೆ. ಒಟ್ಟು ಐದು ಸಾವಿರದೊಳಗೆ ಮುಗಿಯಿತು. ಡಬ್ಬಿಯ ಲೆಕ್ಕ ಹೆಂಡತಿಯ ಹತ್ತಿರ ಇನ್ನೂ ಬಾಕಿ ಉಂಟು.

ನಿಜವಾದ ಕಾಟ ಬೆರಳಿನದ್ದು. ಬೈಕಲ್ಲಿ ಮಳೆಗೆ ನೆನೆದು ಬಂದವರ ಬೆರಳು ತಣ್ಣಗಿರುತ್ತದೆ, ನಾಳ ಬಿಗಿದಿರುತ್ತದೆ, ಅಲೆಯೇ ಇರುವುದಿಲ್ಲ. ಈಗ 25 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ ಇಪ್ಪತ್ತು ನಿಮಿಷ ಮಲಗಿಸುತ್ತೇನೆ. ಅಂದು ಕಾಫಿ ಇಲ್ಲ, ಸಿಗರೇಟ್ ಇಲ್ಲ. ಕೈ ಎದೆಯ ಮಟ್ಟದಲ್ಲೇ ಇರಬೇಕು. ಕ್ಲಿಪ್ಪಿನ ಸ್ಪ್ರಿಂಗ್ ಒತ್ತಡಕ್ಕೆ ನಾನು ಮಾಡಿದ ಉಪಾಯ ಒಂದುಂಟು, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದ ಮೇಲೂ ವಯಾಗ್ರಾ ಥರದ ಮಾತ್ರೆ ತಗೊಂಡಿದ್ದೀರಾ ಅನ್ನುವ ಪ್ರಶ್ನೆಯನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಬೇಕು. ಗುಂಪಿನಲ್ಲಿ ಕೇಳಿದರೆ ಎಲ್ಲರೂ ನಗುತ್ತಾರೆ, ಯಾರೂ ನಿಜ ಹೇಳುವುದಿಲ್ಲ. ನೈಟ್ರೇಟ್ ಜೊತೆ ಅದು ಸೇರಿದರೆ ಬಿ.ಪಿ. ಪಾತಾಳಕ್ಕೆ ಹೋಗುತ್ತದೆ. ಮುಗಿದ ಕೂಡಲೇ ಎದ್ದು ನಿಲ್ಲಲೂ ಬಿಡಬಾರದು. ಒಬ್ಬ ಎದ್ದವನೇ ಕಣ್ಣು ಕತ್ತಲೆ ಬಂದು ಕೂತುಬಿಟ್ಟ. ಮಲಗಿಸಿ ಕಾಲು ಎತ್ತಿದೆವು, ಸರಿಯಾದ.

ಮಾತ್ರೆ ಇಟ್ಟು ಐದಾರು ನಿಮಿಷದಲ್ಲಿ ಇಂಡೆಕ್ಸ್ 65ರ ಹತ್ತಿರ ಇದ್ದದ್ದು 45ರ ಸುತ್ತಮುತ್ತ ಬರುತ್ತದೆ. ಹಾರ್ಟ್‌ರೇಟ್ ನಿಮಿಷಕ್ಕೆ ಆರೆಂಟು ಏರುತ್ತದೆ. ತೋಳಿನ ಬಿ.ಪಿ. ಹೆಚ್ಚುಕಡಿಮೆ ಅಲ್ಲೇ. ಹೋಲಿಕೆಗೆ ಮದ್ದಿಲ್ಲದ ಡಮ್ಮಿ ಮಾತ್ರೆಯನ್ನೂ ಕೊಡುತ್ತೇನೆ, ಆದರೆ ನಿಜವಾದ ಮಾತ್ರೆಗೆ ತಲೆ ಸಿಡಿಯುವುದರಿಂದ ಯಾವುದು ಡಮ್ಮಿ ಅಂತ ಹುಡುಗರಿಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಟ್ರೇಸ್ ಓದುವವರಿಗೆ ಮಾತ್ರೆಯ ಹೆಸರು ಮುಚ್ಚಿಟ್ಟು ಕೊಟ್ಟೆ. ಸರ್ ತಾವೇ ಕೂತು ವಿಂಗಡಿಸಿದರು. ಒಂದೆರಡು ಬಿಟ್ಟರೆ ಎಲ್ಲ ಸರಿ ಬಂತು. ಅದಾದ ಮೇಲೆ 'ಎಂತ ಮಾರಾಯ' ಕೇಳಿಸಿಲ್ಲ!

ಅದೇ ಜಾತಿಯ ನೈಟ್ರೋಗ್ಲಿಸರಿನ್ ಮಾತ್ರೆಯಲ್ಲೂ ಮಾಡಿದೆ. ಬಾಟಲಿ ತೆರೆದಿಟ್ಟರೆ ಮದ್ದು ಆವಿಯಾಗಿ ಹೋಗುತ್ತದೆ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ ಪ್ಲಾಸ್ಟಿಕ್ಕೇ ಹೀರಿಕೊಳ್ಳುತ್ತದೆ. ಗಾಜಿನ ಬಾಟಲಿಯನ್ನೇ ಬಿಗಿಯಾಗಿ ಮುಚ್ಚಿಡಿ. ಅಸ್ತಮಾದ ಸಾಲ್ಬುಟಮಾಲ್ ಪಫ್‌ಗೂ ಎರಡನೇ ಉಬ್ಬು ತಗ್ಗುತ್ತದೆ, ಆದರೆ ಅದು ಬಹುಮಟ್ಟಿಗೆ ಎಂಡೋಥೀಲಿಯಂ (ರಕ್ತನಾಳದ ಒಳಪದರ) ಮೂಲಕ, ಇಳಿತವೂ ಕಡಿಮೆ. ಬಿ.ಪಿ. ಮಾತ್ರೆ ಅಮ್ಲೋಡಿಪಿನ್ ಒಂದೇ ಸಿಟ್ಟಿಂಗಿಗೆ ಆಗುವ ಮದ್ದಲ್ಲ, ಗಂಟೆಗಟ್ಟಲೆ ಕಾಯಬೇಕು.

ಸುಮ್ನೆ ಕುತೂಹಲಕ್ಕೆ ಬೀಟ್‌ರೂಟ್ ಜ್ಯೂಸನ್ನೂ ಕುಡಿಸಿ ಎರಡೂವರೆ ಗಂಟೆ ಕಾದೆ. ಕೆಲವರಲ್ಲಿ ಸ್ವಲ್ಪ ಇಳಿಯಿತು, ಒಬ್ಬನಲ್ಲಿ ಏನೇನೂ ಇಲ್ಲ. ಕೇಳಿದರೆ ಬೆಳಿಗ್ಗೆ ಮೌತ್‌ವಾಶ್ ಹಾಕಿ ಬಾಯಿ ಮುಕ್ಕಳಿಸಿದ್ದನಂತೆ. ಬೀಟ್‌ರೂಟಿನ ನೈಟ್ರೇಟನ್ನು ನಾಳ ಸಡಿಲಿಸಲು ಬೇಕಾದ ನೈಟ್ರೈಟ್ ಮಾಡುವುದು ಬಾಯಿಯ ಬ್ಯಾಕ್ಟೀರಿಯಾ ಅಲ್ವಾ, ಮೌತ್‌ವಾಶ್ ಅವನ್ನೇ ಕೊಂದಿರಬೇಕು. ಈಗ ಅವನಿಗೆ ಮೌತ್‌ವಾಶ್ ನಿಲ್ಲಿಸಿ ಮತ್ತೆ ಬರಲು ಹೇಳಿದ್ದೇನೆ.