ಕೃತಿ ಕಡಿಮೆ, ಚಿಟ್ಟೆಸ್ವರ ಜಾಸ್ತಿ: ವೀಣೆ ಎಂ.ಮ್ಯೂಸ್‌ನಲ್ಲಿ ನನ್ನ ಅನುಭವ

ನೂರು ಕೃತಿ ಕೈಯಲ್ಲಿಲ್ಲದವನು ಸ್ವರ ಕಟ್ಟಲು ಕೂರಬಾರದು ಎನ್ನುವುದು ನಮ್ಮ ಕ್ಲಾಸಿನಲ್ಲಿ ವೇದವಾಕ್ಯ. ನಾನು 20 ಚಿಲ್ಲರೆ ಕೃತಿ ಇಟ್ಟುಕೊಂಡು, ಒಂದೊಂದಕ್ಕೂ ನನ್ನದೇ ಚಿಟ್ಟೆಸ್ವರ (ಕೃತಿಯ ಜೊತೆ ನುಡಿಸಲು ಮೊದಲೇ ಕಟ್ಟಿಟ್ಟ ಸ್ವರಗಳ ಗುಚ್ಛ) ಕಟ್ಟಿಕೊಂಡು ಎಂ.ಮ್ಯೂಸ್, ಅಂದರೆ ಸಂಗೀತದ ಸ್ನಾತಕೋತ್ತರ ಪದವಿ, ಮುಗಿಸಿದೆ. ಕೊನೆಯ ಕಛೇರಿ ಪರೀಕ್ಷೆಯಲ್ಲಿ ಪುಸ್ತಕ ತೆರೆಯದೆ ಒಂದು ಗಂಟೆ ನುಡಿಸಿದ್ದಾಯಿತು. ಆಮೇಲೆ ಆಕಾಶವಾಣಿ ಆಡಿಷನ್ನಿನಲ್ಲಿ ಬಿ ಗ್ರೇಡೂ ಬಂತು. ‘ಇವನೇನು ದೊಡ್ಡ ವಾಗ್ಗೇಯಕಾರನಾ’ (ಕೃತಿ ರಚಿಸುವವನಾ) ಎಂದು ಕ್ಯಾಂಟೀನಿನಲ್ಲಿ ನಕ್ಕವರೇ ಈಗ ನೋಟ್‌ಬುಕ್ಕು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಈ ದಾರಿ ಹುಟ್ಟಿದ್ದು ರೈಲಿನಲ್ಲಿ. ಮನೆ ಮಂಡ್ಯ, ಕಾಲೇಜು ಮೈಸೂರು, ನಡುವೆ ಸುಮಾರು 45 ಕಿಲೋಮೀಟರ್. ಬೆಳಗಿನ ಪ್ಯಾಸೆಂಜರಿನ ನೂಕುನುಗ್ಗಲಿನಲ್ಲಿ ವೀಣೆ ಹೊತ್ತು ಹತ್ತಿದವರಿಗೇ ಗೊತ್ತು ಅದರ ಸುಖ. ಕೊಡ ಒಬ್ಬರ ಮೊಣಕಾಲಿಗೆ, ತುದಿಯಲ್ಲಿ ಕೆತ್ತಿದ ಯಾಳಿಯ ಮೂತಿ ಇನ್ನೊಬ್ಬರ ಬೆನ್ನಿಗೆ. ಕೆಲವೇ ತಿಂಗಳಲ್ಲಿ ನನ್ನ ವೀಣೆ ಮನೆಯಲ್ಲೇ ಉಳಿಯಿತು, ಕ್ಲಾಸಿಗೆ ಕಾಲೇಜಿನ ವೀಣೆ. ಹೋಗಿಬರುವ ಹೊತ್ತು ಸೇರಿದರೆ ದಿನಕ್ಕೆ ಎರಡು ಗಂಟೆಯ ಮೇಲೆ ಕೈ ಖಾಲಿ. ತೊಡೆಯ ಮೇಲೆ ತಾಳ ಹಾಕಿಕೊಂಡು ಕಲಿತ ಕೃತಿಯನ್ನೇ ಮನಸ್ಸಿನಲ್ಲಿ ತಿರುವಿ ಹಾಕುತ್ತಾ ಕೂತು ಬೇಜಾರಾದಾಗ ಸ್ವರ ಬರೆಯಲು ಶುರು ಮಾಡಿದೆ. ಯಲಿಯೂರು ಸ್ಟೇಷನ್ನಿಗೆ ಅರ್ಧ ಆವರ್ತ (ಆವರ್ತ ಅಂದರೆ ತಾಳದ ಒಂದು ಸುತ್ತು), ಪಾಂಡವಪುರಕ್ಕೆ ಒಂದು, ನಾಗನಹಳ್ಳಿ ಹೊತ್ತಿಗೆ ಮುಕ್ತಾಯಿ, ಅಂದರೆ ಮುಗಿಸುವ ಭಾಗ. ಹಾಗಂತ ಎಲ್ಲವೂ ನಿಲ್ಲಲಿಲ್ಲ. ಮೊದಲ ವರ್ಷ ಬರೆದದ್ದರಲ್ಲಿ ಮುಕ್ಕಾಲು ಪಾಲು ಹರಿದು ಹಾಕಿದ್ದೇನೆ.

ಲೆಕ್ಕ ನಿಮಗೆ ಗೊತ್ತಿರುವುದೇ. ಆದಿತಾಳ ಎರಡಾವರ್ತ ಅಂದರೆ 64 ಸ್ವರ (ಆವರ್ತಕ್ಕೆ 8 ಅಕ್ಷರ, ಅಕ್ಷರಕ್ಕೆ 4 ಸ್ವರ). ಮೊದಲ 32ರಲ್ಲಿ ನನ್ನ ಸ್ವಂತದ್ದು ಏನೂ ಇರಕೂಡದು ಎಂದು ಕಟ್ಟು ಹಾಕಿಕೊಂಡೆ. ಆ ಕೃತಿಯ ಸಂಗತಿಗಳಲ್ಲಿ (ಒಂದೇ ಸಾಲನ್ನು ಬೆಳೆಸುತ್ತಾ ನುಡಿಸುವ ಬಗೆಗಳಲ್ಲಿ) ಬಂದ ಪ್ರಯೋಗಗಳನ್ನೇ ಆರಿಸಿ ಪೋಣಿಸಬೇಕು. ಎರಡನೇ ಆವರ್ತದಲ್ಲಿ 13 ಸ್ವರದ ಓಟ, ಉಳಿದ 19 ಮುಕ್ತಾಯಿ: ಐದು, ಎರಡು ಕಾರ್ವೆ (ಹೊಸ ಸ್ವರವಿಲ್ಲದೆ ಹಿಡಿದು ನಿಲ್ಲುವುದು), ಐದು, ಎರಡು ಕಾರ್ವೆ, ಐದು. ಕೃತಿ ಅರ್ಧ ಎಡುಪಿನದಾದರೆ (ತಾಳ ಶುರುವಾಗಿ ಅರ್ಧ ಅಕ್ಷರದ ಮೇಲೆ ಎತ್ತುವಂಥದ್ದಾದರೆ) 13 ಅನ್ನು 15 ಮಾಡಿದರಾಯಿತು, ನೇರ ಪಲ್ಲವಿಯ ತಲೆಗೆ ಬಂದು ಕೂರುತ್ತದೆ. ಮೊದಲ ಆವರ್ತದ ಆ ಕಟ್ಟೇ ಇಡೀ ಪದ್ಧತಿಯ ಜೀವ. 32 ಸ್ವರ ಆರಿಸಬೇಕಾದರೆ ಪಲ್ಲವಿಯಿಂದ ಚರಣದ ತನಕ ಪ್ರತಿ ಸಂಗತಿಯನ್ನೂ ಜಾಲಾಡಲೇಬೇಕು. ಹಾಗೆ ಜಾಲಾಡಿದ ಕೃತಿ ಮರೆಯುವುದಿಲ್ಲ, ಬೇಕಾದರೆ ಆರು ತಿಂಗಳು ಮುಟ್ಟದೆ ಇಟ್ಟು ನೋಡಿ. ಇನ್ನು ಮುಕ್ತಾಯಿಯ ಐದು ಸ್ವರ ಎಲ್ಲಿಂದ ತೆಗೆಯುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟಾದರೂ ನನಗೆ ಇರಲಿ.

ಕೃತಿ ಆರಿಸಲು ಒಂದು ಪಟ್ಟಿ ಮಾಡಿದ್ದೆ: ರಾಗ, ತಾಳ, ಎಡುಪು, ಕಾಲ. ಸೀನಿಯರ್ ಒಬ್ಬರ 70 ಕೃತಿಯ ಪಟ್ಟಿಯನ್ನು ಇದೇ ಕೋಷ್ಟಕಕ್ಕೆ ಹಾಕಿ ನೋಡಿದಾಗ ಮುಕ್ಕಾಲಿಗಿಂತ ಹೆಚ್ಚು ಆದಿತಾಳ, ಅದರಲ್ಲೂ ಬಹುಪಾಲು ಒಂದೇ ಮಧ್ಯಮಕಾಲ. ಅಂದರೆ 70 ಕೃತಿಗೆ ಕೆಲಸ ಹತ್ತೋ ಹನ್ನೆರಡೋ ಬಗೆಯದು ಮಾತ್ರ. ನಾನು ರೂಪಕ, ಮಿಶ್ರಛಾಪು, ಖಂಡಛಾಪು ಎಲ್ಲ ಸೇರುವಂತೆ ನೋಡಿಕೊಂಡು, ಮೈಸೂರಿನ ವಾಗ್ಗೇಯಕಾರರ ಕಡೆ ಬೇಕೆಂತಲೇ ವಾಲಿದೆ. ಮೈಸೂರಿನಲ್ಲಿ ಓದಿ ಸದಾಶಿವರಾಯರನ್ನೂ ಶೇಷಣ್ಣನವರನ್ನೂ ನುಡಿಸದೆ ಹೋದರೆ ಹೇಗೆ? ಜಯಚಾಮರಾಜ ಒಡೆಯರದು 94 ಕೃತಿ, ಅಪರೂಪದ ರಾಗಗಳಿಗೆ ಕೊರತೆಯಿಲ್ಲ. ಪಾಶ್ಚಾತ್ಯ ಸಂಗೀತದಲ್ಲಿ ಪಳಗಿ, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾಗಿದ್ದವರು ನಮ್ಮ ಪದ್ಧತಿಯಲ್ಲಿ ಕೂತು ಕೃತಿ ಕಟ್ಟಿದರು ಎನ್ನುವುದೇ ನನಗೆ ಒಂದು ಧೈರ್ಯ. ನಕ್ಕವರಿಗೆ ಇದನ್ನೂ ಹೇಳಿದ್ದೆ, ಇನ್ನೂ ಜೋರಾಗಿ ನಕ್ಕರು.

ಹೆಚ್ಚು ಕಾಡಿದ್ದು ಖಮಾಚ್ ರಾಗ. ವಾಸುದೇವಾಚಾರ್ಯರ ‘ಬ್ರೋಚೇವಾರೆವರುರಾ’ಗೆ ಎಲ್ಲರ ಬಾಯಲ್ಲೂ ಇರುವ ಚಿಟ್ಟೆಸ್ವರ ಮೊದಲೇ ಇದೆ. ‘ಆಚಾರ್ಯರದು ಸಾಲದೇನಪ್ಪಾ ನಿನಗೆ?’ ಎಂದು ಮೇಡಂ ಕೇಳಿದರು. ಸಾಲದು ಅಂತಲ್ಲ, ಅದರ ಪಕ್ಕದಲ್ಲಿ ನನ್ನದು ಎಷ್ಟು ಸಪ್ಪೆ ಎಂದು ನೋಡಬೇಕಿತ್ತು. ನೋಡಿದೆ, ಸಪ್ಪೆಯೇ. ಖಮಾಚಿನ ಆರೋಹಣದಲ್ಲಿ ರಿಷಭ ಇಲ್ಲ. ನನ್ನ ಓಟದಲ್ಲಿ ಎರಡು ಕಡೆ ‘ರಿ ಗ ಮ’ ನುಸುಳಿ ಹರಿಕಾಂಭೋಜಿ ರಾಗವೇ ಎದ್ದು ಕೂತಿತ್ತು. ತಿದ್ದಿ ತಿದ್ದಿ ಒಂದು ಸೆಮಿಸ್ಟರ್ ಹೋಯಿತು. ಪರೀಕ್ಷೆಯಲ್ಲಿ ಆಚಾರ್ಯರದನ್ನೇ ನುಡಿಸಿದೆ. ಮುತ್ತಯ್ಯ ಭಾಗವತರ ಮೋಹನಕಲ್ಯಾಣಿ ಇದಕ್ಕೆ ಉಲ್ಟಾ. ಹತ್ತುವಾಗ ಮೋಹನದ ಐದು, ಇಳಿಯುವಾಗ ಕಲ್ಯಾಣಿಯ ಏಳು. ಅಭ್ಯಾಸಬಲದಿಂದ ಬೆರಳು ಹತ್ತುವಾಗಲೂ ನಿಷಾದಕ್ಕೆ ಬೀಳುತ್ತಿತ್ತು. ಹತ್ತುವ ಪ್ರಯೋಗಗಳೇ ತುಂಬಿದ ಚಿಟ್ಟೆಸ್ವರ ಒಂದನ್ನು ಕಟ್ಟಿ ವಾರವಿಡೀ ನುಡಿಸಿದ ಮೇಲೆ ಆ ಚಾಳಿ ಬಿಟ್ಟಿತು.

ಇನ್ನೊಂದು ತೊಂದರೆ ರೈಲಿನದೇ. ಬಾಯಿಗೆ ಚೆನ್ನಾಗಿ ಕೂತದ್ದು ಬೆರಳಿಗೆ ಕೂರುವುದಿಲ್ಲ. ನಮ್ಮ ಮೈಸೂರು ಬಾನಿಯಲ್ಲಿ (ಶೈಲಿಯಲ್ಲಿ) ಎಡಗೈಯ ಎರಡು ಬೆರಳು ಬೇರೆ ಬೇರೆಯಾಗಿ ಓಡಾಡಬೇಕು. ಹಾಡಿಕೊಂಡು ಕಟ್ಟಿದ ಸ್ವರ ಮಾತ್ರ ತಾರದಿಂದ ಸೀದಾ ಮಧ್ಯದ ಷಡ್ಜಕ್ಕೆ ಹಾರಿ ಕೈಯನ್ನು ಅರ್ಧ ದಂಡಿ ಓಡಿಸುತ್ತದೆ. ಕೊನೆಗೆ ಪೇಪರಿನ ಮೇಲೆ ಪ್ರತಿ ಸ್ವರದ ಕೆಳಗೆ ಬೆರಳಿನ ಗುರುತು ಹಾಕಿ, ಮೂರು ಮೆಟ್ಟಿಲಿಗಿಂತ ದೊಡ್ಡ ಜಿಗಿತ ಬಂದರೆ ಹೊಡೆದುಹಾಕುವುದು ಎಂದು ಮಾಡಿಕೊಂಡೆ.

ದುಡ್ಡಿನ ವಿಷಯಕ್ಕೆ ಬರೋಣ. ಹಳೆಯ ಹಲಸಿನ ವೀಣೆ 28 ಸಾವಿರಕ್ಕೆ ಬಿತ್ತು, ಅಮ್ಮನ ಚೀಟಿ ಎತ್ತಿದ್ದು. ಕುಸುರಿ ಗಿಸುರಿ ಏನಿಲ್ಲ, ನಾದ ಮಾತ್ರ ಬಂಗಾರ. ಮೇಳ ಕಟ್ಟಿಸಿದ್ದು (ಮೇಣದ ಮೇಲೆ ಮೆಟ್ಟಿಲು ಕೂರಿಸುವುದು) ಎರಡು ಸಲ, ಸಲಕ್ಕೆ 5 ಸಾವಿರದ ಆಸುಪಾಸು. ಎರಡನೆಯದು ಬೇಕಾಗಿ ಬಂದದ್ದು ಮಂಡ್ಯದ ಏಪ್ರಿಲ್ಲಿನಿಂದ. ಶೀಟಿನ ಮನೆ, ಮಧ್ಯಾಹ್ನದ ಕಾವು; ಮೇಣ ಮೆತ್ತಗಾಗಿ ನಾಲ್ಕೈದು ಮೆಟ್ಟಿಲು ಅಲ್ಲಾಡಿದವು, ಗಾಂಧಾರಕ್ಕೂ ಮಧ್ಯಮಕ್ಕೂ ಜಗಳ. ಈಗ ಬೇಸಿಗೆಯಲ್ಲಿ ವೀಣೆ ದೇವರ ಮನೆಯ ತಣ್ಣನೆ ನೆಲದ ಮೇಲೆ. ಮೃದಂಗದ ಗೆಳೆಯನಿಗೆ ಒಂದು ಸಿಟಿಂಗಿಗೆ 300 ರೂಪಾಯಿ. ಒಟ್ಟು ಲೆಕ್ಕ ಹಾಕಿದರೆ 15 ಸಾವಿರ ದಾಟಿರಬೇಕು, ಆದರೆ ಅದು ದಂಡವಲ್ಲ. ನನ್ನ 19ರ ಲೆಕ್ಕ ಕಾಗದದ ಮೇಲೆ ಸರಿ ಇದ್ದರೂ ಕೈ ಎಲ್ಲಿ ಓಡುತ್ತದೆ ಎನ್ನುವುದನ್ನು ಹಿಡಿದವನು ಅವನೇ. ಬಂದ ದುಡ್ಡು? ಮದುವೆ ಮನೆ, ಆರತಕ್ಷತೆ, ಸಲಕ್ಕೆ 2 ಸಾವಿರ. ಅಲ್ಲಿ ಚಿಟ್ಟೆಸ್ವರ ಯಾರಿಗೆ ಬೇಕು, ಸಿನಿಮಾ ಹಾಡು ನುಡಿಸಿ ಅಂತಾರೆ. ನುಡಿಸಿದೆ.

ನಡುವೆ ಒಂದು ಹುಚ್ಚಾಟವೂ ಆಯಿತು. ಭಾಗವತರ ನಿರೋಷ್ಠ ರಾಗದಲ್ಲಿ ಮ, ಪ ಎರಡೂ ಇಲ್ಲ. ಹಾಡುವಾಗ ಸ್ವರಗಳಿಗೆ ತುಟಿ ಸೇರಬೇಕಾಗಿಲ್ಲ. ಆದರೆ ವೀಣೆಗೆಲ್ಲಿಯ ತುಟಿ? ಪಂಚಮದ ತಂತಿ ಗುಂಯ್‌ಗುಡುತ್ತಲೇ ಇರುತ್ತದೆ. ಅದನ್ನು ಗಾಂಧಾರಕ್ಕೆ ಇಳಿಸಿ ನೋಡಿದೆ. ತಂತಿ ಸಡಿಲಾಗಿ ಮೆಟ್ಟಿಲಿಗೆ ಬಡಿದು ಜರ್ರೆಂದಿತು. ಹಿಂದೋಳಕ್ಕೆ ಮಧ್ಯಮಕ್ಕೆ ಇಳಿಸಿದಾಗ ಚೆನ್ನಾಗಿಯೇ ಕೇಳಿಸಿತು, ಆದರೆ ಮಂದ್ರಕ್ಕೆ ಹೋದ ಬೆರಳಿಗೆ ಎಲ್ಲ ಸ್ಥಾನವೂ ಅಪರಿಚಿತ. ಮತ್ತೆ ಶ್ರುತಿ ಮಾಡಿಕೊಳ್ಳಲು ಐದು ನಿಮಿಷ ಬೇಕು. ಕಛೇರಿಯಲ್ಲಿ ಐದು ನಿಮಿಷ ಬಿರಡೆ ತಿರುಗಿಸುತ್ತಾ ಕೂತರೆ ಮುಂದಿನ ಸಾಲಿನವರು ಕಾಫಿಗೆ ಏಳುತ್ತಾರೆ. ಕೈಬಿಟ್ಟೆ.

ಸ್ವಂತ ಸಾಹಿತ್ಯಕ್ಕೂ ಕೈ ಹಾಕಿದೆ. ಕಂಪೋಸಿಷನ್ ಪೇಪರಿಗೆ ಒಂದು ಕೃತಿ ಬೇಕಿತ್ತಲ್ಲ, ಗಂಜಾಮಿನ ನಿಮಿಷಾಂಬೆಯ ಮೇಲೆ ಕನ್ನಡದಲ್ಲಿ ಬರೆದೆ. ದ್ವಿತೀಯಾಕ್ಷರ ಪ್ರಾಸ ಸುಲಭಕ್ಕೆ ಸಿಕ್ಕಿತು, ಪದ ಒಡೆಯುವ ಜಾಗ ಸಿಗಲಿಲ್ಲ. ‘ಕರುಣಾಳು’ ಎನ್ನುವುದು ತಾಳದ ಲಘು ಭಾಗದ ಕೊನೆಗೆ ಬಂದು, ‘ಕರು’ ಆದ ಮೇಲೆ ಉದ್ದದ ಕಾರ್ವೆ. ಮನೆಯಲ್ಲಿ ಹಾಡಿ ತೋರಿಸಿದರೆ ಅಜ್ಜಿ, ‘ಯಾರ ಮನೆ ಕರು ಮಗಾ, ಏನಾಯ್ತು ಅದಕ್ಕೆ?’ ಅಂದರು. ಗೈಡ್ ಎರಡು ತಿಂಗಳಲ್ಲಿ ಹಿಡಿಯದ ದೋಷವದು. ಎಡುಪನ್ನು ಒಂದೂವರೆ ಅಕ್ಷರಕ್ಕೆ ದೂಡಿದ ಮೇಲೆ ಕಾರ್ವೆ ಪದದ ಕೊನೆಗೆ ಬಂತು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಪಟ್ಟಿ ನೋಡಿ, ‘ಇಷ್ಟೇನಾ?’ ಎಂದರು. ಆಮೇಲೆ ನಡುವಿನಿಂದ ಕೇಳತೊಡಗಿದರು: ಇದರ ಚರಣದ ಮೂರನೇ ಸಂಗತಿ ನುಡಿಸು, ಅದರ ಅನುಪಲ್ಲವಿ ಎರಡನೇ ಕಾಲದಲ್ಲಿ. ನಾನು ಕಾಯುತ್ತಿದ್ದದ್ದೂ ಅದನ್ನೇ. ಹೆಚ್ಚು ಕೃತಿ ಇದ್ದವರು ಪಲ್ಲವಿಯಿಂದಲೇ ಓಡಿಸಿಕೊಂಡು ಬರಬೇಕಾಗುತ್ತಿತ್ತು, ನನಗೆ ಎಲ್ಲಿ ಬೇಕಾದರೂ ಇಳಿಯಲು ಬರುತ್ತಿತ್ತು. ನೂರು ಕೃತಿಯ ಮಾತು ಹೇಳುತ್ತಿದ್ದ ಮೇಷ್ಟರು ಆಮೇಲೆ ಏನೂ ಹೇಳಲಿಲ್ಲ. ಮುಂದಿನ ಬ್ಯಾಚಿಗೆ ಚಿಟ್ಟೆಸ್ವರ ಬರೆಯುವ ಹೋಂವರ್ಕ್ ಕೊಟ್ಟಿದ್ದಾರಂತೆ.

ರಾಗ-ತಾನ-ಪಲ್ಲವಿಯ ಪಲ್ಲವಿಗೆ ಮಾತ್ರ ಈ ದಾರಿ ಇನ್ನೂ ಹತ್ತಿಲ್ಲ. ಖಂಡ ತ್ರಿಪುಟ ತಾಳ 9 ಅಕ್ಷರ, ಚತುರಶ್ರದಲ್ಲಿ (ಅಕ್ಷರಕ್ಕೆ ನಾಲ್ಕರಂತೆ) 36, ಆದ್ದರಿಂದ 17 ಮತ್ತು 19 ಎಂದು ಸಲೀಸಾಗಿ ಒಡೆಯುತ್ತದೆ. ಆದರೆ ತ್ರಿಕಾಲ (ಮೂರು ವೇಗದಲ್ಲಿ ನುಡಿಸುವುದು) ಮಾಡುವಾಗ ಅರುದಿಯ (ಪಲ್ಲವಿಯ ಎರಡು ಭಾಗಗಳ ನಡುವಿನ ನಿಲುಗಡೆಯ) ಜಾಗದಲ್ಲಿ ನನ್ನ ಐದು ಸ್ವರ ಮಂಕಾಗಿಬಿಡುತ್ತದೆ. ಐದರ ಬದಲು ಏಳು ಹಾಕಿ ಕಾರ್ವೆಯನ್ನು ಎರಡರಲ್ಲೇ ಬಿಟ್ಟರೆ 25, ಉಳಿಯುವುದು 11. ಸದ್ಯ ಅದನ್ನು ತೋಡಿಯಲ್ಲಿ ಪ್ರಯತ್ನ ಮಾಡುತ್ತಿದ್ದೇನೆ. ಯಾರಾದರೂ ವೀಣೆಯ ಮೇಲೆ ಮಾಡಿ ನೋಡಿದ್ದರೆ ಹೇಳಿ, ಮೃದಂಗದವನ ಸಿಟಿಂಗಿನ ದುಡ್ಡಾದರೂ ಉಳಿದೀತು.